ಫ್ಯೂಜು ಇಲ್ಲದೇ ತಿರುಗಿದ ಮೋಟಾರು

ದೇವರು ಬಂತು, ದೆವ್ವ ಕಂಡಿತು ಅಂತ ಯಾರರ ಸುರು ಮಾಡಿದ್ರ ನಾನು ಎದ್ದು ಹೋಗ್ತಿದ್ದೆ. ಈಗೂ ಹೋಗ್ತೇನಿ. ಆದ್ರ ಒಂದು ಮಧ್ಯಾಹ್ನ ನನ್ನ ಕಣ್ಣ ಮುಂದ ಆದದ್ದನ್ನ ಮುಚ್ಚಿಡೂದಿಲ್ಲ. ನಂಬಿದ್ರ ನಂಬ್ರಿ, ಇಲ್ಲಂದ್ರ ಬಿಡ್ರಿ.

ಎಪ್ಪತ್ತಾರನೇ ಇಸ್ವಿ ಇರಬೇಕು. ತಿಕೋಟಾದಿಂದ ಬಬಲೇಶ್ವರಕ್ಕ ಹೋಗೂ ದಾರ್ಯಾಗ ನಮ್ಮ ದ್ರಾಕ್ಷಿ ತ್ವಾಟ. ಬಾವಿಗೆ ಹೊಸದಾಗಿ ಮೋಟಾರು ಕೂಡ್ರಿಸಿದ್ವಿ. ಕರೆಂಟು ಜೋಗದ ಕಡೆ ನೀರಿನಿಂದ ಹುಟ್ಟಿ ತಂತಿ ಮ್ಯಾಲೆ ಬರತೈತಿ ಅಂತ ಲೈನ್‌ಮನ್ ಹೇಳಿದಾಗ, "ಆ ನೀರನ್ನೇ ಇತ್ತ ಕಳಸ್ರಿ, ಕರೆಂಟು ನೀವ ಇಟ್ಕೊಳ್ರಿ" ಅಂದಿದ್ದೆ. ಆ ವರ್ಷ ಅಲ್ಲಿ ಆಣೆಕಟ್ಟಿನ್ಯಾಗ ನೀರು ಇಳಿದು, ಇಲ್ಲಿ ನಮಗ ಹಗಲೆಲ್ಲಾ ಕರೆಂಟು ಇರತಿದ್ದಿಲ್ಲ.

ಯಾವಾಗ ಬರತೈತೋ ಅಂತ ಎಲ್ಲಾರೂ ಸ್ಟಾರ್ಟರಿನ ಗುಂಡಿ ಒತ್ತಿ, ಅದಕ್ಕ ಕಟಗಿ ಚಕ್ಕಿ ಸಿಗಿಸಿ ಬಿಡತಿದ್ವಿ. ಕರೆಂಟು ಬಂದ್ರ ಮೋಟಾರು ತಾನಾಗೇ ಚಾಲೂ. ಅವತ್ತ ನಮ್ಮ ಮನಿಯವ್ರು ಹೂಳು ತೆಗಿಯಾಕ ಬಾವಿಗೆ ಇಳಿದ್ರು. ನಡುವ ಕರೆಂಟು ಬಂದು ಮೋಟಾರು ತಿರುಗಬಾರದಂತ ನಾನು ಮೂರೂ ಫ್ಯೂಜು ಕಿತ್ತು ಸೆರಗಿಗೆ ಗಂಟು ಹಾಕ್ಕೊಂಡಿದ್ದೆ.

ಅವ್ರು ಹೂಳಿಗೆ ಕಬ್ಬಿಣದ ಹಾರಿ ಹಾಕಿದ ಕೂಡಲೇ ಬದಿಯ ಕಲ್ಲು ಜಾರಿ ಕಾಲ ಮ್ಯಾಲೆ ಕುಂತಿತು. ಸಂದ್ಯಾಗಿಂದ ಸೆಲಿ ಒಡದು ನೀರು ಸೊಂಟಕ್ಕ, ಎದಿಗೆ, ಗದ್ದಕ್ಕ ಏರಾಕತ್ತಿತು.

"ನಿಂತು ಏನ ನೋಡ್ತಿ ಲೇ! ಹಸನಸಾಬನ್ನ ಕರಿ!" ಅಂತ ಬಾವ್ಯಾಗಿಂದ ಒದರಿದ್ರು.

ಬಾಜೂ ಹೊಲದ ಹಸನಸಾಬನ್ನ ಕೂಗಿದೆ. ಅಷ್ಟರಾಗ ಬೆನ್ನ ಹಿಂದ ಮೋಟಾರು ಗುಂಯ್ ಅಂತು. ತಿರುಗಿ ನೋಡಿದೆ. ಪೆಟ್ಟಿಗಿ ಬಾಗಲಾ ತೆರೆದಿತ್ತು, ಫ್ಯೂಜಿನ ಜಾಗಾ ಮೂರೂ ಖಾಲಿ. ನೀರು ಗದ್ದದಿಂದ ಎದಿಗೆ ಇಳೀತು. ಹಸನಸಾಬ ಮತ್ತ ಅವನ ತಮ್ಮ ಇಳಿದು ಕಲ್ಲೆಬ್ಬಿಸಿ, ಹಗ್ಗಾ ಕಟ್ಟಿ ಅವ್ರನ್ನ ಮ್ಯಾಲೆ ತಂದ್ರು. ಮೋಟಾರು ನಿಂತಿತು.

"ಅವತ್ತ ಸಂಜಿತನಕ ಲೈನೇ ಇರಲಿಲ್ಲ. ಗಾಬರ್ಯಾಗ ಏನೋ ಕಂಡೀರಿ ಅಕ್ಕಾ" ಅಂದ ಲೈನ್‌ಮನ್.

"ನಾ ಗಾಬರಿಯಾಗಿದ್ದೆ. ಬಳ್ಳಿ ಬುಡಕ್ಕ ಹರದ ನೀರೂ ಗಾಬರಿಯಾಗಿತ್ತೇನು?"

ಓಣಿ ಹೆಂಗಸರು ಬಾವ್ಯಾಗಿನ ಗಂಗವ್ವನೇ ಕಾಯ್ದಾಳ, ಆಕಿಗೆ ಸೀರಿ ಏರಸು ಅಂದ್ರು. "ಕಲ್ಲು ಕೆಡವಿದಾಕೀನೂ ಆಕೀನೇ ಏನು?" ಅಂದೆ. ಏರಸಲಿಲ್ಲ.

ಮನಿಯವ್ರು ಮಾತ್ರ ಸಾಯೂತನಕ ಕುಂಟಕೋತ ಹೋಗಿ ಮೋಟಾರಿಗೆ ಕುಂಕುಮ ಹಚ್ಚತಿದ್ರು. ನಾ ತಡೀಲಿಲ್ಲ. ಗದ್ದದಮಟ ನೀರಾಗ ನಿಂತಾವ್ರು ಅವ್ರು. ನನಗಂತೂ ಏನಾತು ಅನ್ನೂದು ಇವತ್ತಿಗೂ ತಿಳಿದಿಲ್ಲ. ತಿಳದೈತಿ ಅನ್ನಾವ್ರು ಬರ್ರಿ, ಚಾ ಕುಡಸ್ತೇನಿ, ಕುಂತು ಕೇಳ್ತೇನಿ. ಸುಳ್ಳು ಹೇಳ್ತಿ ಅನ್ನಾವ್ರು ಮಾತ್ರ ನನ್ನ ಬಾಗಲಿಗೆ ಬರಬ್ಯಾಡ್ರಿ.