ಚರ್ಮಕ್ಕೆ ಹಚ್ಚುವ ಹಸಿರು ಮೇಣ

ನಾನು ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರ ಪಾಲಿಶ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಸ್ಟೀಲಿಗೆ ಹೊಳಪು ಕೊಡುವ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಆ ಸೊಕ್ಕಿನಿಂದಲೇ ಹೆಂಡತಿಯ ಚಾಕುವನ್ನು ಮೊದಲು ಹಾಳು ಮಾಡಿದೆ.

ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯಿಂದ ಪುಣೆಗೆ ಬಂದ ಹತ್ತು ಹನ್ನೆರಡು ಮಂದಿಗೆ ಅವಳು ದಿನಾ ಊಟದ ಡಬ್ಬಿ ಕಟ್ಟುತ್ತಾಳೆ. ಹೋದ ವರ್ಷ ಅವಳ ಬೆರಳಿನ ಗಂಟುಗಳು ಬಾತುಕೊಂಡವು. ಔಷಧಿಯಿಂದ ಬಾವು ಇಳಿಯಿತು. ಆದರೆ ಹೆಚ್ಚುವಾಗ ಒತ್ತಬೇಡಿ, ಒತ್ತಿದರೆ ಕೈ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಬೇರೆಯವರು ಹೆಚ್ಚಿದ ಕಾಯಿಪಲ್ಯ ಅವಳ ಮನಸ್ಸಿಗೆ ಬರುವುದಿಲ್ಲ. ಒತ್ತದೆ ಹೆಚ್ಚಬೇಕೆಂದರೆ ಚಾಕು ತಾನಾಗಿ ಇಳಿಯಬೇಕು. ಹಾಗಾಗಿ ಅವಳ ಕೈ ಉಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಸಾಣೆಕಲ್ಲಿನ ಮೇಲೆ ಮಸೆದ ಚಾಕುವಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಲೋಹದ ಮುಳ್ಳು ಉಳಿದಿರುತ್ತದೆ. ಹಲಗೆಗೆ ಅಂಟಿಸಿದ ಚರ್ಮಕ್ಕೆ ಪಾಲಿಶ್ ಮೇಣ ಹಚ್ಚಿ, ಚಾಕುವಿನ ಬೆನ್ನು ಮುಂದಾಗಿ ಎಳೆದು ಆ ಮುಳ್ಳನ್ನು ತೆಗೆಯಬೇಕು. ಕಾರ್ಖಾನೆಯಲ್ಲಿ ತಿರುಗುವ ಚಕ್ರಕ್ಕೆ ಮೇಣವನ್ನು ಧಾರಾಳವಾಗಿ ಒತ್ತುತ್ತಿದ್ದೆವು. ಚರ್ಮಕ್ಕೂ ಹಾಗೆಯೇ ಮೆತ್ತಿದೆ. ಮೊದಲು ಕರಿಯ ಮೇಣ, ಅದರ ಮೇಲೇ ಹಸಿರು. ಚಾಕು ಫಳಫಳ ಹೊಳೆಯಿತು, ಬದನೆಕಾಯಿಯ ಮೇಲೆ ಇಟ್ಟರೆ ಜಾರಿತು. ಹೊಳಪು ಬೇರೆ, ಹರಿತ ಬೇರೆ ಎಂಬುದು ಇಷ್ಟು ವಯಸ್ಸಾದ ಮೇಲೆ ತಿಳಿಯಿತು.

ಪುಣೆಯ ರವಿವಾರ ಪೇಠೆಯಲ್ಲಿ ಮೇಣ ಮಾರುವ ಅಂಗಡಿಯವ ನನ್ನ ಹಲಗೆ ನೋಡಿ ನಕ್ಕ. "ಕಾಕಾ, ಏಕಾ ಚಾಮಡ್ಯಾಲಾ ಏಕಚ ಮೇಣ," ಎಂದ. ಒಂದು ಚರ್ಮಕ್ಕೆ ಒಂದೇ ಮೇಣ. ಕರಿಯದರ ಒರಟು ಕಣ ಒಂದು ಉಳಿದರೂ ಹಸಿರು ಮಾಡಿದ್ದನ್ನೆಲ್ಲ ಅದು ಕೆಡಿಸುತ್ತದೆ. ಹೊಸ ಚರ್ಮ ತಂದೆ. ನುಣ್ಣಗಿನದೆಂದು ಹಸಿರನ್ನೇ ಆರಿಸಿಕೊಂಡೆ. ಚರ್ಮವನ್ನು ಬಿಸಿಲಲ್ಲಿ ತುಸು ಬೆಚ್ಚಗೆ ಮಾಡಿ, ಮಕ್ಕಳು ಪಾಟಿಯ ಮೇಲೆ ಬಳಪ ಎಳೆದಷ್ಟು ತೆಳುವಾಗಿ ಹಚ್ಚಿದೆ. ಮೇಣ ಕರ್ರಗಾಗಿ ಗಟ್ಟಿಯಾದಾಗ ಹೆರೆದು ತೆಗೆದು ಮತ್ತೆ ಹಚ್ಚಿದೆ. ಧೂಳು ಕೂರದಂತೆ ಹಳೆಯ ಧೋತರದಲ್ಲಿ ಸುತ್ತಿಟ್ಟೆ. ಚಾಕು ಬದನೆಕಾಯಿಯೊಳಗೆ ಸದ್ದಿಲ್ಲದೆ ಇಳಿಯತೊಡಗಿತು. ಕೆಲವು ತಿಂಗಳು ನನ್ನನ್ನು ಹಿಡಿಯುವವರೇ ಇರಲಿಲ್ಲ.

ಈ ಮಳೆಗಾಲದಲ್ಲಿ ಅವಳು ಮತ್ತೆ ಶುರು ಮಾಡಿದಳು. "ಮೊಂಡ ಆಗ್ಯದ ನೋಡ್ರಿ. ಇನ್ನೊಮ್ಮಿ ತಿಕ್ಕಿ ಕೊಡ್ರಿ."

ತಿಕ್ಕಿ ಕೊಟ್ಟೆ. ಮರುದಿನ ಮತ್ತೆ ಅದೇ ಮಾತು. ಥಂಡಿಗೆ ಮೇಣ ಹಿಡಿಯುತ್ತಿಲ್ಲವೇನೋ ಎಂದು ಚರ್ಮವನ್ನು ಒಲೆಯ ಹತ್ತಿರ ಇಟ್ಟೆ. ಬಿಳಿಯ ಮೇಣ ತಂದು ಬೇರೊಂದು ಚರ್ಮಕ್ಕೆ ಹಚ್ಚಿದೆ. ವಜ್ರದ ಪುಡಿಯ ಪೇಸ್ಟನ್ನೂ ತರಿಸಿದೆ. ಯಾವುದೂ ಅವಳಿಗೆ ಸರಿಬರಲಿಲ್ಲ. ಒಂದು ಬೆಳಿಗ್ಗೆ ತಾಳ್ಮೆ ತಪ್ಪಿ, "ಕುಣೀಲಿಕ್ಕ ಬಾರದಾಕಿ ನೆಲ ಡೊಂಕ ಅಂದಳಂತ," ಎಂದುಬಿಟ್ಟೆ.

ಒಂದಕ್ಕೆ ಎರಡು ತಿರುಗಿ ಕೊಡುವ ಹೆಂಗಸು ಅವಳು. ಅವತ್ತು ಮಾತ್ರ ನೀರು ತರಲು ಎದ್ದು ಹೋದಳು.

ಮಣೆಯ ಮೇಲಿದ್ದ ಟೊಮ್ಯಾಟೊಗೆ ನಾನೇ ಚಾಕು ತಾಗಿಸಿದೆ. ಒತ್ತಲೇ ಇಲ್ಲ, ಅದು ಎರಡು ಹೋಳಾಗಿ ಬಿತ್ತು. ಪಕ್ಕದಲ್ಲಿ ಅವಳು ಹೆಚ್ಚಿದ ಹೋಳುಗಳಿದ್ದವು. ಒಂದು ದಪ್ಪ, ಒಂದು ತೆಳು, ಕೆಲವು ಅರ್ಧಕ್ಕೇ ನಿಂತಿದ್ದವು. ಮೊಂಡಾಗಿದ್ದು ಚಾಕುವಲ್ಲ.

ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮೊದಲ ಯಾಕ ಹೇಳಲಿಲ್ಲ?" ಎಂದೆ. ದನಿ ಏರಿತ್ತು.

ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಹಿಡಿಕಿ ಹಿಡೀಲಿಕ್ಕ ಬರವಲ್ದು. ಭಾಳ ದಿನ ಆತು. ಹೇಳಿದ್ರ ನೀವು ತಿಕ್ಕೂದು ಬಿಟ್ಟಬಿಡತಿದ್ರಿ. ನೀವು ತಿಕ್ಕೂದು ನೋಡಿದ್ರ, ನಾಳಿಗಿ ಹೆಚ್ಚತೀನಿ ಅನಸ್ತಿತ್ತು."

ಆಡಿದ ಮಾತಿಗೆ ನಾಚಿಕೆಯಾಯಿತು, ಅಳುವೂ ಬಂತು. ಡಬ್ಬಿಯ ಹೊತ್ತಾಗುತ್ತಿತ್ತು. ಚಾಕು ಹಿಡಿದು ಕೂತೆ. ಬೇಡ ಅಂದಾಳೆಂದು ಕಾದೆ. ಅವಳು ಹತ್ತಿರ ಬಂದು, ಎಡಗೈಯಿಂದ ಮಣೆಯನ್ನು ನನ್ನ ಕಡೆಗೆ ಸರಿಸಿದಳು.