ಹನ್ನಾ ಎಂದು ಕರೆದವರು

ದೊಡ್ಡ ಸಿಸ್ಟರ್ ಅವರ ಬಿಳಿ ಕ್ಯಾನ್ವಾಸ್ ಶೂಗಳ ಹಿಂಭಾಗ ಯಾವಾಗಲೂ ತುಳಿದು ಚಪ್ಪಟೆಯಾಗಿರುತ್ತಿತ್ತು. ಹಿಮ್ಮಡಿಯನ್ನು ಒಳಗೆ ಸೇರಿಸಿ ಸರಿಯಾಗಿ ಹಾಕಿಕೊಳ್ಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಚಹಾವನ್ನು ನಿಂತೇ ಕುಡಿಯುತ್ತಿದ್ದರು, ಅದೂ ಅರ್ಧ ಲೋಟ. ಅಪರೂಪಕ್ಕೆ ಕುಳಿತರೆ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ಉಡುಪಿಯ ಆ ಸಣ್ಣ ಹೆರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಶೂಗಳ ಚಟಪಟ ಕೇಳಿದೊಡನೆ ನಾವು ನರ್ಸುಗಳೆಲ್ಲ ಫೋನನ್ನು ಜೇಬಿಗೆ ಸೇರಿಸಿ ಎದ್ದು ನಿಲ್ಲುತ್ತಿದ್ದೆವು. ನಮಗೆಲ್ಲ ಹಿರಿಯ ನರ್ಸ್ ಅವರು, ಹೆರಿಗೆ ಕೋಣೆ ಅವರ ಕೈಯಲ್ಲಿತ್ತು. ನಾನು ಕಾರ್ಕಳದಿಂದ ಬಂದು, ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು, ಅವರ ಕೆಳಗೆ ಕೆಲಸ ಕಲಿತವಳು.

ಅವರ ಬಗ್ಗೆ ಬರೆಯಲು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಒಂದು ಪುಟವಾಗುವಷ್ಟರಲ್ಲಿ ಒಗೆಯುವ ಬಟ್ಟೆ ನೆನಪಾಗುತ್ತದೆ, ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ನೆಪಕ್ಕೇನು ಬರ? ಹೇಳಬೇಕಾದ ಒಂದು ಮಾತನ್ನು ಗಂಟಲಲ್ಲಿಟ್ಟುಕೊಂಡು ಉಳಿದದ್ದನ್ನು ಹೇಳುವುದು ಕಷ್ಟ.

ಹುಟ್ಟಿದ ಮಗುವಿನ ಕೈಗೆ ಆಸ್ಪತ್ರೆಯಲ್ಲಿ ಒಂದು ಪಟ್ಟಿ ಕಟ್ಟುತ್ತೇವೆ. ಅದರಲ್ಲಿರುವುದು ತಾಯಿಯ ಹೆಸರು, ಇಂಥವಳ ಮಗು ಎಂದು ಅಷ್ಟೆ. ಮಗುವಿಗೆ ಸ್ವಂತ ಹೆಸರು ಬರುವುದು ಆಮೇಲೆ. ಬ್ಯಾರಿ ಮುಸ್ಲಿಮರ ಮನೆಯಲ್ಲಿ ಏಳನೆಯ ದಿನ, ನಮ್ಮ ಹಿಂದೂಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ, ಕ್ರಿಸ್ತುವರಲ್ಲಿ ಇಗರ್ಜಿಯ ದೀಕ್ಷಾಸ್ನಾನದಂದು. ಅಲ್ಲಿಯವರೆಗೆ ಅದು ಬರೀ ಮಗು. ದೊಡ್ಡ ಸಿಸ್ಟರ್ ಇದನ್ನು ಸಹಿಸುತ್ತಿರಲಿಲ್ಲ. ಹೆಣ್ಣು ಮಗು ಹುಟ್ಟಿದೊಡನೆ ಟವೆಲಿನಲ್ಲಿ ಒರೆಸುತ್ತಾ, ಹೊರಗಿನವರಿಗೂ ಕೇಳುವಂತೆ, "ಬಾ ಹನ್ನಾ, ಬಂದ್ಯಾ ಹನ್ನಾ" ಎನ್ನುತ್ತಿದ್ದರು. ಯಾರ ಮಗುವಾದರೂ ಅದೇ ಹೆಸರು. ಒಂದೇ ದಿನ ಮೂರು ಹೆಣ್ಣು ಹುಟ್ಟಿದರೆ ಮೂವರೂ ಹನ್ನಾ.

ಗಂಡು ಮಕ್ಕಳಿಗೆ ಯಾಕಿಲ್ಲ ಎಂದು ನಾನು ಕೇಳಿದ್ದೆ. ಅವರನ್ನು ಕರೆಯಲಿಕ್ಕೆ ಹೊರಗೆ ಹತ್ತು ಜನ ನಿಂತಿದ್ದಾರೆ ಎಂದಿದ್ದರು. "ಹೆಸರು ಹಿಡಿದು ಕರೆಯದೆ ಒರೆಸಿದರೆ ಅದು ಪಾತ್ರೆ ಒರೆಸಿದ ಹಾಗೆ ಮಾರಾಯ್ತಿ" ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ. ನರ್ಸಿಂಗ್ ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಆ ಹೆಸರಿನ ಚರಿತ್ರೆಯನ್ನು ಅವರು ಒಮ್ಮೆಯೂ ಕುಳಿತು ಪೂರ್ತಿ ಹೇಳಿದವರಲ್ಲ. ಗ್ಲೌಸ್ ಹಾಕುತ್ತಾ ಒಂದಿಷ್ಟು, ಹಾಸಿಗೆಯ ಬೆಡ್‌ಶೀಟ್ ಎಳೆಯುತ್ತಾ ಒಂದಿಷ್ಟು. ಹೀಬ್ರೂ ಭಾಷೆಯ ಹೆಸರಂತೆ ಅದು. ಕೃಪೆ ಎಂದು ಅರ್ಥವಂತೆ. ಬೈಬಲಿನ ಹಳೆಯ ಭಾಗದಲ್ಲಿ ಮಕ್ಕಳಿಲ್ಲದ ಒಬ್ಬಾಕೆ ಗುಡಿಯಲ್ಲಿ ಅತ್ತು ಬೇಡಿ ಗಂಡು ಮಗುವನ್ನು ಪಡೆದಳು, ಅವಳೇ ಹನ್ನಾ. ಹೆಸರು ಗ್ರೀಕರ ಬಾಯಿಗೆ ಹೋದಾಗ ಮೊದಲಿನ ಹಕಾರ ಬಿದ್ದುಹೋಗಿ ಆನ್ನಾ ಆಯಿತು. ಮೇರಿ ಮಾತೆಯ ತಾಯಿಗೂ ಅದೇ ಹೆಸರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಬಂದು, ಅಲ್ಲಿಂದ ಕ್ರಿಸ್ತುವರಾದ ದೊಡ್ಡ ಸಿಸ್ಟರ್ ಅವರ ಹಿರಿಯರ ಜೊತೆ ನಮ್ಮ ಕರಾವಳಿಗೂ ಇಳಿಯಿತು.

ಆದರೆ ಅವರಿಗೆ ಇಷ್ಟವಾದದ್ದು ಈ ಪ್ರಯಾಣವಲ್ಲ. ಒಂದು ದಿನ ತೂಕದ ಯಂತ್ರವನ್ನು ಒರೆಸುತ್ತಾ ಹೇಳಿದರು: "ಎಲ್ಲರೂ ಅವಳ ಮಗನ ಕಥೆ ಹೇಳುತ್ತಾರೆ. ಅವಳೇ ಹೆಣ್ಣಾಗಿ ಹುಟ್ಟಿದ ದಿನ ಯಾರೋ ಒಬ್ಬರು ಅವಳನ್ನು ನೋಡಿ ಕೃಪೆ ಅಂತ ಹೆಸರಿಟ್ಟರಲ್ಲ, ಅವರು ಯಾರು ಅಂತ ಎಲ್ಲಿಯೂ ಬರೆದಿಲ್ಲ. ನನಗೆ ಅವರ ಮೇಲೆ ಪ್ರೀತಿ."

ಅವರ ಕಡೆಯವರಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ಕ್ರಮವುಂಟು. ಹಾಗಾಗಿ ಹಿಂದೆ ಕಾಪು ಕಡೆಯ ಮನೆ ಮನೆಯಲ್ಲೂ ಒಬ್ಬಳು ಆನ್ನಾ ಇದ್ದಳಂತೆ, ಬಾವಿಕಟ್ಟೆಯಲ್ಲಿ ಕರೆದರೆ ನಾಲ್ಕು ಜನ ತಿರುಗಿ ನೋಡುವಷ್ಟು. ಆಮೇಲೆ ಹುಡುಗಿಯರಿಗೆ ಅದು ಅಜ್ಜಿಯಂದಿರ ಹೆಸರೆಂದು ನಾಚಿಕೆಯಾಯಿತು. ಪ್ರಮೀಳಾ, ಶಾಂತಿ ಬಂದರು, ಅವರ ಬೆನ್ನಿಗೇ ಇಂಗ್ಲಿಷ್ ಹೆಸರುಗಳು ಬಂದವು. ವರ್ಷಗಟ್ಟಲೆ ಜನನದ ಫಾರಮಿನಲ್ಲಿ ಒಂದೂ ಆನ್ನಾ ಕಂಡಿರಲಿಲ್ಲವಂತೆ. ಈಗ ನೋಡಿದರೆ ದುಬೈಯಿಂದ ಹೆರಿಗೆಗೆ ಬಂದವರು, ಮಣಿಪಾಲದ ಕಂಪನಿಗಳಲ್ಲಿ ದುಡಿಯುವವರು, ಫೋನಿನಲ್ಲಿ ಸಿಗುವ ಹೆಸರುಗಳ ಪಟ್ಟಿಯಿಂದ ಹನ್ನಾ ಎಂದು ಆರಿಸಿ ಹೊಸದೊಂದು ಕಂಡುಹಿಡಿದ ಸಂಭ್ರಮದಲ್ಲಿ ಹೇಳುತ್ತಾರೆ. ಅಜ್ಜಿ ಗೌನು ಹಾಕಿಕೊಂಡು ವಾಪಸು ಬಂದಿದ್ದಾಳೆ ಎಂದು ದೊಡ್ಡ ಸಿಸ್ಟರ್ ನಗುತ್ತಿದ್ದರು. ಬಿದ್ದುಹೋಗಿದ್ದ ಹಕಾರವನ್ನೂ ಹುಡುಕಿ ತಂದಿದ್ದಾಳಲ್ಲ ಎಂದು ಸೇರಿಸುತ್ತಿದ್ದರು.

ಬನ್ನಂಜೆಯ ಒಬ್ಬ ಬ್ಯಾರಿ ಅಜ್ಜಿಯನ್ನು ನಾನು ಮರೆಯುವಂತಿಲ್ಲ. ಮಗಳಿಗೆ ಮೂರನೆಯದೂ ಹೆಣ್ಣೆಂದು ತಿಳಿದು ಆಕೆ ಬೆಂಚಿನ ಮೇಲೆ ಮುಖ ತಿರುಗಿಸಿ ಕುಳಿತಿದ್ದರು. ದೊಡ್ಡ ಸಿಸ್ಟರ್ ಮಗುವನ್ನು ತಂದು, ಕೇಳದೆಯೇ ಮಡಿಲಿಗೆ ಹಾಕಿ, ಹನ್ನಾ ಬಂದಿದ್ದಾಳೆ ನೋಡಿ ಎಂದರು. ಅಜ್ಜಿ ಮಗುವಿನ ಟವೆಲು ಸರಿಪಡಿಸಿ, ನಿಮ್ಮ ಮೇರಿ ಮಾತೆ ನಮಗೆ ಮರ್ಯಮ್ ಬೀವಿ, ಅವರ ಉಮ್ಮನ ಹೆಸರೂ ಹನ್ನಾ ಎಂದೇ ಹೇಳುವುದು ಎಂದರು. ಏಳನೆಯ ದಿನ ಅದೇ ಹೆಸರು ನಿಂತಿತು. ಆ ಹುಡುಗಿ ಈಗ ಶಾಲೆಗೆ ಹೋಗುತ್ತಿರಬೇಕು.

ಇನ್ನು ಮುಂದಿನದು. ಕಡಿಯಾಳಿ ಕಡೆಯ ಒಂದು ಮನೆಯವರು, ನಮ್ಮವರೇ, ಮಗುವನ್ನು ಕರೆದುಕೊಂಡು ಹೋದ ಹದಿನೈದು ದಿನಕ್ಕೆ ಆಸ್ಪತ್ರೆಗೆ ಬಂದರು. ತಾಯಿಯಲ್ಲ, ಮಗುವಿನ ಚಿಕ್ಕಪ್ಪ ಮತ್ತು ಅವನ ಜೊತೆ ಮೂವರು. ಜಾತಕದ ಅಕ್ಷರಕ್ಕೆ ಸರಿಯಾಗಿ ಬೇರೆ ಹೆಸರನ್ನು ಇಟ್ಟಾಗಿತ್ತು. ಆದರೆ ಆ ಬಾಣಂತಿಯ ನಾಲಿಗೆಗೆ ಆಸ್ಪತ್ರೆಯ ಹೆಸರೇ ಅಂಟಿಕೊಂಡಿತ್ತು. ತೊಟ್ಟಿಲಿಗೆ ಹಾಕುವ ದಿನ ನೆಂಟರೆಲ್ಲರ ಎದುರಿಗೆ ಹನ್ನಾ ಎಂದು ಕರೆದುಬಿಟ್ಟಳಂತೆ. ನಿಮ್ಮ ನರ್ಸ್ ನಮ್ಮ ಮಗುವನ್ನು ಆರಿಸಿಕೊಂಡು ಅವರ ಜಾತಿಯ ಹೆಸರಿಟ್ಟಿದ್ದಾರೆ, ಇದರ ಹಿಂದೆ ಏನೋ ಉಂಟು ಎಂಬುದು ಅವರ ದೂರು. ಗಲಾಟೆ ಮಾಡಲಿಲ್ಲ. ಗಲಾಟೆ ಮಾಡುತ್ತೇವೆ ಎಂದು ಮೆಲ್ಲಗೆ ಹೇಳಿ ಹೋದರು.

ಡಾಕ್ಟರಮ್ಮ ಕೆಟ್ಟವರಲ್ಲ, ಹೆದರಿಕೊಂಡಿದ್ದರು. ಆ ಹೆರಿಗೆಯ ಹೊತ್ತಿಗೆ ಕೋಣೆಯಲ್ಲಿದ್ದ ಇನ್ನೊಬ್ಬ ನರ್ಸ್ ನಾನೇ ಎಂದು ನನ್ನನ್ನು ಕರೆಸಿದರು. ದೊಡ್ಡ ಸಿಸ್ಟರ್ ಅಲ್ಲಿಯೇ ಕಿಟಕಿಯ ಹತ್ತಿರ ನಿಂತಿದ್ದರು.

"ಇವರು ಆ ಮಗುವನ್ನು ಮಾತ್ರ ಹಾಗೆ ಕರೆದದ್ದಾ, ಎಲ್ಲ ಮಕ್ಕಳನ್ನೂ ಕರೆಯುವುದುಂಟಾ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಹೇಳಿದರೆ ಅವರು ನಂಬಲಿಕ್ಕಿಲ್ಲ, ಕೋಣೆಯಲ್ಲಿದ್ದ ನೀನು ಎಲ್ಲರನ್ನೂ ಕರೆಯುತ್ತಾರೆಂದು ಬರೆದು ಕೊಟ್ಟರೆ ನಾನು ಅವರ ಮನೆಗೇ ಹೋಗಿ ಮಾತಾಡುತ್ತೇನೆ ಎಂದೂ ಹೇಳಿದರು.

ಒಂದು ಸಾಲು ಬರೆದರೆ ಸಾಕಿತ್ತು. ಆ ಚಿಕ್ಕಪ್ಪ ನನ್ನ ಅಣ್ಣನ ಗೆಳೆಯ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮದುವೆಯ ಮಾತು ನಡೆಯುತ್ತಿತ್ತು. ನೀನು ಅವರ ಪರ ಸಹಿ ಹಾಕಿದ್ದೀಯಂತೆ ಎಂದು ಮನೆಯಲ್ಲಿ ಕೇಳುವುದನ್ನು ನೆನೆದೆ.

"ನಾನು ಆಗ ಆಚೆ ಕೋಣೆಯಲ್ಲಿದ್ದೆ ಡಾಕ್ಟ್ರೇ. ಕೇಳಿಸಲಿಲ್ಲ" ಎಂದೆ.

ದೊಡ್ಡ ಸಿಸ್ಟರ್ ಒಂದು ಕ್ಷಣ ನನ್ನನ್ನು ನೋಡಿದರು. ಆ ಕ್ಷಣ ಅವರ ಕಾಲು ಅಲುಗಲಿಲ್ಲ. ಆಮೇಲೆ, ನಾಲ್ಕನೇ ನಂಬರಿನವಳಿಗೆ ಡ್ರಿಪ್ ಮುಗಿಯುತ್ತಾ ಬಂತು ಎಂದು ಹೇಳಿ ಹೊರಟುಹೋದರು. ಆ ತಿಂಗಳ ಕೊನೆಗೆ ಕೆಲಸವನ್ನೂ ಬಿಟ್ಟರು. ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದು ಡಾಕ್ಟರಮ್ಮ ಬೀಳ್ಕೊಡುವಾಗ ಹೇಳಿದರು. ವಿಶ್ರಾಂತಿಯಂತೆ, ಅವರಿಗೆ!

ನಾಲ್ಕು ತಿಂಗಳು ತಡೆದು ಕಾಪುವಿಗೆ ಹೋದೆ. ದೊಡ್ಡ ಸಿಸ್ಟರ್ ಅಲ್ಲಿ ತಮ್ಮನ ಮನೆಯಲ್ಲಿದ್ದರು. ಅಂಗಳದ ಮಲ್ಲಿಗೆ ಗಿಡಗಳ ಮಧ್ಯೆ ಬುಟ್ಟಿ ಹಿಡಿದುಕೊಂಡು ಓಡಾಡುತ್ತಿದ್ದರು; ಹೂವು ಅರಳುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆ ನಾರಿನಲ್ಲಿ ಕಟ್ಟಬೇಕು, ಬಸ್ಸಿಗೆ ಕಳಿಸಬೇಕು. ಈ ಅವಸರದ ಕೆಲಸ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಹಿಂದೆ ಹಿಂದೆ ನಡೆಯುತ್ತಾ, ಸಿಸ್ಟರ್, ಆ ದಿನ ನಾನು, ಎಂದು ಶುರು ಮಾಡಿದೆ. ಅವರು ಮುಂದಿನ ಗಿಡಕ್ಕೆ ಹೋದರು. ಮತ್ತೆ ಶುರು ಮಾಡಿದೆ. ಮತ್ತೊಂದು ಗಿಡಕ್ಕೆ ಹೋದರು. ಕೊನೆಗೆ ತಿರುಗಿ ನಿಂತರು.

"ನೀನು ಅಲ್ಲಿಯೇ ಇರಬೇಕು ಮಾರಾಯ್ತಿ. ನಾವು ಇಬ್ಬರೂ ಹೊರಗೆ ಬಂದರೆ ಒಳಗೆ ಹುಟ್ಟುವವರನ್ನು ಎತ್ತಿಕೊಳ್ಳಲಿಕ್ಕೆ ಯಾರುಂಟು?"

ಅಷ್ಟು ಹೇಳಿ ನನ್ನ ಕೈಗೂ ಒಂದು ಬುಟ್ಟಿ ಕೊಟ್ಟರು. ಕ್ಷಮಿಸಿದರೋ, ಇಲ್ಲವೋ, ಆ ಮಾತು ಎತ್ತಬೇಡ ಎಂದರೋ, ನನಗೆ ತಿಳಿಯಲಿಲ್ಲ. ಬುಟ್ಟಿ ತುಂಬುವವರೆಗೂ ಮೊಗ್ಗು ಕೊಯ್ದೆ. ಆಮೇಲೂ ಎರಡು ಮೂರು ಸಲ ಹೋಗಿದ್ದೆ. ಆ ಮಾತು ಮಾತ್ರ ಮುಂದೆ ಹೋಗಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಬೆಳಗ್ಗೆ ಹೂ ಕೊಯ್ಯುವಾಗ ಎದೆ ಹಿಡಿದುಕೊಂಡು ಕುಳಿತರಂತೆ, ಏಳಲಿಲ್ಲ. ನಾನು ಹೋಗುವಾಗ ಮನೆಯ ಚಾವಡಿಯಲ್ಲಿ ಮಲಗಿಸಿದ್ದರು. ಪಾದಗಳನ್ನು ಜೋಡಿಸಿ ಬಿಳಿ ಕಾಲುಚೀಲ ಹಾಕಿದ್ದರು. ಅವು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹೊರಗೆ ಬರುವಾಗ ಅವರ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡರು. ದೊಡ್ಡ ಸಿಸ್ಟರ್ ಅವರನ್ನು ಆ ಮನೆಯಲ್ಲಿ ಬಾಯಿ, ಅಂದರೆ ಕೊಂಕಣಿಯಲ್ಲಿ ಅಕ್ಕ, ಎಂದೇ ಕರೆಯುತ್ತಿದ್ದರು. ನೆರೆಕರೆಯವರ, ಇಗರ್ಜಿಯ ಪಾದ್ರಿಗಳ ಎದುರಿಗೆ ನನ್ನನ್ನು ತೋರಿಸಿ ಹೇಳಿದರು: "ಆ ಗಲಾಟೆಯಲ್ಲಿ ನಮ್ಮ ಬಾಯಿಯ ಪರವಾಗಿ ಡಾಕ್ಟರ ಹತ್ತಿರ ಮಾತಾಡಿದ್ದು ಇವರೊಬ್ಬರೇ. ಬಾಯಿ ಯಾವಾಗಲೂ ಹೇಳುತ್ತಿದ್ದರು."

ಎಲ್ಲರೂ ನನ್ನ ಕಡೆ ಗೌರವದಿಂದ ನೋಡಿದರು. ಯಾರೋ ಕುರ್ಚಿ ಕೊಟ್ಟರು. ದೊಡ್ಡ ಸಿಸ್ಟರ್ ಯಾಕೆ ಹಾಗೆ ಹೇಳಿದ್ದರು? ನಾನು ಆ ಮನೆಗೆ ಬಂದು ಹೋಗುವಾಗ ಯಾರೂ ನನ್ನನ್ನು ಬೇರೆ ಕಣ್ಣಿನಿಂದ ನೋಡಬಾರದೆಂದೇ ಇರಬೇಕು. ಅಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು, ನಾನು ತಲೆ ತಗ್ಗಿಸಿ ಕುಳಿತೆ. ಆ ಕುರ್ಚಿಯಲ್ಲಿ ಕುಳಿತದ್ದು ನನ್ನ ಎರಡನೆಯ ಸುಳ್ಳು.

ಆದ್ದರಿಂದ ಡಾಕ್ಟರಮ್ಮ ಕೇಳಿದ ಆ ಒಂದು ಸಾಲನ್ನು ಈಗ ಬರೆಯುತ್ತಿದ್ದೇನೆ. ನಾನು ಆಚೆ ಕೋಣೆಯಲ್ಲಿರಲಿಲ್ಲ; ಟವೆಲು ಹಿಡಿದು ಅವರ ಪಕ್ಕದಲ್ಲಿಯೇ ನಿಂತಿದ್ದೆ. ಅವರು ಆ ಮಗುವನ್ನು ಹನ್ನಾ ಎಂದು ಕರೆದದ್ದನ್ನು ಕೇಳಿದ್ದೇನೆ, ಯಾರೂ ಕರೆಯದ ಎಲ್ಲ ಹೆಣ್ಣುಮಕ್ಕಳನ್ನೂ ಹಾಗೆಯೇ ಕರೆದದ್ದನ್ನು ಕೇಳಿದ್ದೇನೆ.