ಪೊಲೀಸರ ಹೀರೋ

ಚೆನ್ನೈನಲ್ಲಿ ನಾನು ಇನ್ಶೂರೆನ್ಸ್ ಏಜೆಂಟಾಗಿದ್ದಾಗಿನ ಮಾತು. ಒಂದು ಭಾನುವಾರ ಪೆರಂಬೂರಿನಲ್ಲಿ ಯಾರಿಗೋ ಪಾಲಿಸಿ ವಿವರಿಸಿ ಹೊರಗೆ ಬಂದರೆ ನನ್ನ ಸ್ಕೂಟರೇ ಇಲ್ಲ! ಪೊಲೀಸ್ ಸ್ಟೇಷನ್ನಿಗೆ ಓಡಿದೆ.

ಅಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದರು. ಸಿನಿಮಾದ ಹೀರೋ ಕೋರ್ಟು, ಕಾನೂನು ಒಂದೂ ನೋಡದೆ ಕಳ್ಳರನ್ನು ತಾನೇ ಮುಗಿಸುತ್ತಿದ್ದ.

"ಉಕ್ಕಾರುಂಗ ಸಾರ್, ಕೂತ್ಕೊಳ್ಳಿ. ಕ್ಲೈಮ್ಯಾಕ್ಸು" ಅಂದ ಹೆಡ್ ಕಾನ್‌ಸ್ಟೇಬಲ್.

ಕೂತೆ. ಹೀರೋ ಒಬ್ಬ ಸೋಮಾರಿ ಇನ್ಸ್‌ಪೆಕ್ಟರನ ಕೆನ್ನೆಗೆ ಬಾರಿಸಿದ. ಸ್ಟೇಷನ್ನಿಗೆ ಸ್ಟೇಷನ್ನೇ ಚಪ್ಪಾಳೆ ತಟ್ಟಿತು. ಸ್ಕೂಟರ್ ಮರೆತು ನಾನೂ ತಟ್ಟಿದೆ.

ಸಿನಿಮಾ ಮುಗಿದ ಮೇಲೆ ಹೆಡ್ ಕಾನ್‌ಸ್ಟೇಬಲ್ ನನ್ನ ಗೋಳು ಕೇಳಿ ನಿಟ್ಟುಸಿರುಬಿಟ್ಟ. "ನಮ್ಮ ಏರಿಯಾದಲ್ಲಿ ಇಂಥವನೊಬ್ಬ ಇದ್ದಿದ್ರೆ ನಿಮ್ಮ ಗಾಡಿ ಹೋಗ್ತಿತ್ತಾ ಸಾರ್?"

"ನೀವಿದ್ದೀರಲ್ಲ?" ಅಂದೆ.

ಪಾಪ, ಏನೂ ತಿಳಿಯದವನು ಅನ್ನೋ ಹಾಗೆ ನನ್ನನ್ನು ನೋಡಿದ. "ನಾವು ಬರೀ ಪೊಲೀಸು, ಸಾರ್."